ಪಕ್ಕದ ಮನೆ ಮರಾಠಿಯವರಿಗೆ ಯೇಸು ಬಗ್ಗೆ ಹೇಳೋದು ಹೇಗೆ? ಪುಣೆಗೆ ಬಂದ ಕನ್ನಡದವರು ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಧಾರವಾಡ ಕಡೆಯವನು, ಪುಣೆಗೆ ಬಂದು 17 ವರ್ಷ ಆಯ್ತು. ಚಿಂಚವಡ ಹತ್ರ ಒಂದು ಬಾಡಿಗೆ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ನಮ್ಮ ಕನ್ನಡ ಆರಾಧನೆ ನಡೆಯುತ್ತೆ, ಬೆಳಿಗ್ಗೆ ಆ ಹಾಲ್ ಬೇರೆಯವರದ್ದು. ಆರಾಧನೆ ಮುಗಿದ ಮೇಲೆ ಚಹಾ ಕುಡೀತಾ ಐಟಿ ಹುಡುಗ್ರು, ನರ್ಸಿಂಗ್ ಮಾಡೋ ಹುಡುಗೀರು, ಟ್ರಾನ್ಸ್‌ಫರ್ ಆಗಿ ಬಂದ ಫ್ಯಾಮಿಲಿಯವರು ಕೇಳೋದೆಲ್ಲ ಸುತ್ತಿ ಬಳಸಿ ಅದೇ. ಪಕ್ಕದ ಮನೆ ಮರಾಠಿಯವರು ತುಂಬಾ ಒಳ್ಳೆಯವರು, ನನ್ನ ನಂಬಿಕೆ ಬಗ್ಗೆ ಹೇಳ್ಬೇಕು ಅನ್ಸುತ್ತೆ, ಹೇಗೆ ಶುರು ಮಾಡ್ಲಿ ಅಂತ. ಪ್ರತಿ ಸಲ ಉತ್ತರ ಕೊಟ್ಟು ಕೊಟ್ಟು ನನ್ನ ಚಹಾ ಆರಿ ಹೋಗುತ್ತೆ, ಅದಕ್ಕೇ ಬರೆದಿಟ್ಟೆ. ನಾನು ಪಾಸ್ಟರ್ ಅಲ್ಲ, ಥಿಯಾಲಜಿ ಓದಿದವನೂ ಅಲ್ಲ, ಇದರಲ್ಲಿ ಅರ್ಧಕ್ಕರ್ಧ ನಾನು ಎಡವಿ ಕಲಿತದ್ದು.

ಮರಾಠಿಯವರು ಬೇರೆ ಸಂಸ್ಕೃತಿಯವರು ಅಂತ ಯಾಕೆ ಹೇಳ್ತೀರಿ? ನಮ್ಮ ಹಾಗೇ ಇದಾರಲ್ವಾ?

ಹೌದು, ನಮ್ಮ ಹಾಗೇ ಕಾಣ್ತಾರೆ, ಅದೇ ಮೋಸ. ನಮ್ಮ ಮೈಲಾರಲಿಂಗನೇ ಜೇಜುರಿಯಲ್ಲಿ ಖಂಡೋಬಾ, ಕೊಲ್ಹಾಪುರದವರು ಬಂಡಿ ಕಟ್ಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗ್ತಾರೆ, ಪಂಢರಪುರದ ವಿಠ್ಠಲನನ್ನ ಜ್ಞಾನೇಶ್ವರರೇ ಕಾನಡಾ ಅಂತ ಕರೆದಿದಾರೆ. ಜೋಳದ ಭಾಕ್ರಿ, ಜುಣಕ, ಠೇಚಾ ನೋಡಿದ್ರೆ ಊರಿಗೆ ಬಂದ ಹಾಗೇ ಆಗುತ್ತೆ. ಆದ್ರೆ ಒಂದು ಸಲ ಅವರ ಮನೆಯಲ್ಲಿ ಕೂತು ಮಾತಾಡಿದ್ರೆ ಗೊತ್ತಾಗುತ್ತೆ, ಅವರ ಮನಸ್ಸಿನಲ್ಲಿ ತುಕಾರಾಮ ಮಹಾರಾಜರು ಕೂತಿರೋ ಜಾಗ ನಮಗೆ ಗೊತ್ತೇ ಇಲ್ಲ, ಶಿವಾಜಿ ಮಹಾರಾಜರ ಹೆಸರು ಹೇಳುವಾಗ ಅವರ ದನಿ ಬದಲಾಗೋದು ಯಾಕೆ ಅಂತ ಗೊತ್ತಿಲ್ಲ, ಮನೆ ಗೋಡೆ ಮೇಲೆ ಬಾಬಾಸಾಹೇಬರು ಮತ್ತು ಬುದ್ಧ ಇಬ್ಬರೇ ಇದ್ರೆ ಅದರ ಹಿಂದೆ ನಾಗಪುರದಲ್ಲಿ ಅಂಬೇಡ್ಕರ್ ತಮ್ಮ ಜನರ ಜೊತೆ ಬೌದ್ಧ ಧರ್ಮ ಸೇರಿದ 14 ಅಕ್ಟೋಬರ್ 1956 ಇದೆ ಅನ್ನೋದೂ ನಮ್ಮ ಹುಡುಗ್ರಿಗೆ ಹೊಳೆಯಲ್ಲ. ಅಂಥ ಮನೆಗೆ ಹೋಗಿ "ನೀವು ಹಿಂದೂಗಳು" ಅಂತ ಮಾತು ಶುರು ಮಾಡಿದ ಒಬ್ಬ ಹುಡುಗನಿಗೆ ಆ ಮನೆ ಅಜ್ಜಿ ಒಂದು ಗಂಟೆ ಪಾಠ ಮಾಡಿ ಕಳಿಸಿದ್ರು. ಒಳ್ಳೇದೇ ಆಯ್ತು ಅನ್ನಿ.

ಇನ್ನೊಂದು ವಿಷಯ ಮರೀಬೇಡಿ. ಇಲ್ಲಿ ಹೊರಗಿನವರು ನಾವು, ಅವರಲ್ಲ. ಗೋವಾಕ್ಕೆ ಹೋದ್ರಂತೂ ಘಟ್ಟದ ಮೇಲಿಂದ ಬಂದ ನಮ್ಮಂಥವರಿಗೆ "ಘಾಟಿ" ಅನ್ನೋ ಹೆಸರು ರೆಡಿ ಇದೆ, ಅದು ಪ್ರೀತಿಯಿಂದ ಕರೆಯೋ ಹೆಸರಲ್ಲ.

ಬೈಬಲ್‌ನಲ್ಲಿ ಇದಕ್ಕೆಲ್ಲ ಆಧಾರ ಇದೆಯಾ, ಅಥವಾ ನೀವು ಸುಮ್ನೆ ಹೇಳ್ತಿದೀರಾ?

ಅಪೊಸ್ತಲರ ಕೃತ್ಯಗಳು 17 ಓದಿ, ಪೌಲ ಅಥೇನೆ ಪಟ್ಟಣದಲ್ಲಿ. ಮೊದಲು ಊರು ಸುತ್ತಿ ನೋಡ್ತಾನೆ, "ತಿಳಿಯದ ದೇವರಿಗೆ" ಅಂತ ಬರೆದ ಬಲಿಪೀಠ ಕಣ್ಣಿಗೆ ಬೀಳುತ್ತೆ, ಅಲ್ಲಿಂದ ಮಾತು ಎತ್ತುತಾನೆ, ಅವರದೇ ಕವಿಗಳ ಸಾಲು ಹೇಳ್ತಾನೆ. ಅಂದ್ರೆ ಅವನು ಆ ಕವಿಗಳನ್ನ ಓದಿದ್ದ! ನಾವು ತುಕಾರಾಮರ ಒಂದು ಅಭಂಗ, ಅಂದ್ರೆ ಅವರ ಭಕ್ತಿ ಹಾಡು, ಓದಿದೀವಾ?

ಆಮೇಲೆ 15ನೇ ಅಧ್ಯಾಯ. ಯೆಹೂದ್ಯರಲ್ಲದವರು ಯೇಸುವನ್ನ ನಂಬಿದ್ರೆ ಸುನ್ನತಿ ಮಾಡಿಸ್ಕೊಂಡು ಪೂರ್ತಿ ಯೆಹೂದ್ಯರ ಹಾಗೆ ಆಗ್ಬೇಕಾ ಅಂತ ಜೆರೂಸಲೇಮಿನಲ್ಲಿ ದೊಡ್ಡ ಚರ್ಚೆ ಆಯ್ತಲ್ಲ, ಬೇಡ ಅಂತ ತೀರ್ಮಾನ ಆಯ್ತಲ್ಲ, ಆ ತೀರ್ಮಾನ ಆಗದೇ ಇದ್ದಿದ್ರೆ ನಾನೂ ನೀವೂ ಇವತ್ತು ಈ ಹಾಲ್‌ನಲ್ಲಿ ಇರ್ತಿರಲಿಲ್ಲ. ಮರಾಠಿ ಮನುಷ್ಯ ಯೇಸುವನ್ನ ನಂಬಿದ್ರೆ ಅವನು ಮರಾಠಿಯವನಾಗೇ ಇರ್ತಾನೆ, ನಮ್ಮ ಹಾಗೆ ಕನ್ನಡ ಕೀರ್ತನೆ ಹಾಡ್ಬೇಕಿಲ್ಲ, ಇಂಗ್ಲಿಷ್ ಗಿಟಾರ್ ಹಾಡಂತೂ ಬೇಡವೇ ಬೇಡ.

ಹಿಂದಿ ಬರುತ್ತೆ. ಮರಾಠಿ ಕಲೀಲೇಬೇಕಾ?

ಬೇಕು. ಹಿಂದಿಯಲ್ಲಿ ಬಾಡಿಗೆ ಮಾತಾಡಬಹುದು, ಅಳೋಕಾಗಲ್ಲ. ಮನುಷ್ಯ ತನ್ನ ದುಃಖ ಹೇಳೋದು ಅವನ ಅವ್ವ ಬೈದ ಭಾಷೆಯಲ್ಲೇ.

ನಮ್ಮ ಕಥೆಯನ್ನೇ ನೋಡ್ರಿ. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದ್ರು, ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ತಂದ, ಕಿಟ್ಟೆಲ್ ಕನ್ನಡ ಪದಗಳ ಹಿಂದೆ ಬಿದ್ದು ವರ್ಷಗಟ್ಟಲೆ ತಿರುಗಿ 1894ರಲ್ಲಿ ಆ ದೊಡ್ಡ ಡಿಕ್ಷನರಿ ಕೊಟ್ಟ. ಕಿಟ್ಟೆಲ್ ಯೇಸುವಿನ ಕಥೆಯನ್ನ ನಮ್ಮ ಛಂದಸ್ಸಿನಲ್ಲೇ ಬರೆದ, ಕಥಾಮಾಲೆ ಅಂತ, 1862ರಲ್ಲಿ. ಚರ್ಚಿಗೆ ಕಾಲಿಡದ ಎಷ್ಟೋ ಕನ್ನಡಿಗರು ಕಿಟ್ಟೆಲ್ ಹೆಸರನ್ನ ಇವತ್ತಿಗೂ ಗೌರವದಿಂದ ಹೇಳ್ತಾರೆ, ಯಾಕೆ? ನಮ್ಮ ಭಾಷೆಯನ್ನ ನಮಗಿಂತ ಜಾಸ್ತಿ ಪ್ರೀತಿಸಿದ ಅನ್ನೋ ಒಂದೇ ಕಾರಣಕ್ಕೆ.

ಮರಾಠಿ ಕಡೆಗೂ ಅಂಥವನೊಬ್ಬ ಇದಾನೆ. ಥಾಮಸ್ ಸ್ಟೀಫನ್ಸ್, ಇಂಗ್ಲೆಂಡಿನ ಜೆಸ್ಯುಯಿಟ್ ಪಾದ್ರಿ, 1579ರಲ್ಲಿ ಗೋವಾಕ್ಕೆ ಬಂದು ಸಾಯೋತನಕ ಇಲ್ಲೇ ಇದ್ದ. ಬೈಬಲ್ ಕಥೆಯನ್ನ ಓವಿ ಅನ್ನೋ ಮರಾಠಿ ಪದ್ಯದಲ್ಲಿ ಬರೆದು 1616ರಲ್ಲಿ ಕ್ರಿಸ್ತಪುರಾಣ ಅಂತ ಅಚ್ಚು ಹಾಕಿಸಿದ, ಹತ್ತು ಸಾವಿರಕ್ಕೂ ಹೆಚ್ಚು ಓವಿ. ಸ್ವರ್ಗಕ್ಕೆ ವೈಕುಂಠ ಅನ್ನೋ ಪದವನ್ನೇ ಬಳಸಿದಾನೆ, ಇವತ್ತು ನಮ್ಮ ಸಭೆಯಲ್ಲಿ ಯಾರಾದ್ರೂ ಹಾಗೆ ಅಂದ್ರೆ ಎರಡು ವಾರ ಜಗಳ ಆಗುತ್ತೆ. ಅವನು ಬರೆದ ಕೊಂಕಣಿ ವ್ಯಾಕರಣ ಅವನು ಸತ್ತ ಮೇಲೆ 1640ರಲ್ಲಿ ಗೋವಾದ ರಾಚೋಲಿನಲ್ಲಿ ಅಚ್ಚಾಯ್ತು, ತಮಾಷೆ ಏನಂದ್ರೆ ಅದರ ಹೆಸರಿನಲ್ಲಿ ಕೊಂಕಣಿಯನ್ನ "ಕಾನಾರಿಂ" ಭಾಷೆ ಅಂತ ಕರೆದಿದೆ, ಪೋರ್ಚುಗೀಸರಿಗೆ ಕನ್ನಡ ಯಾವುದು ಕೊಂಕಣಿ ಯಾವುದು ಅನ್ನೋ ಗೊಂದಲ ಅವತ್ತಿಂದಲೇ ಇತ್ತು.

ಮರಾಠಿ ಸುಲಭ ಅಂತ ಮಾತ್ರ ಮೈಮರೀಬೇಡಿ. ಅರ್ಧ ಪದ ನಮ್ಮವೇ ಅಲ್ವಾ ಅಂತ ಧೈರ್ಯದಲ್ಲಿ ಮಾತಾಡಿದ್ರೆ ಹಳ್ಳಕ್ಕೆ ಬೀಳ್ತೀರಿ. ನಾವು ಚರ್ಚಿಗೆ ಸಭೆ ಅಂತೀವಿ, ಅವರಿಗೆ ಸಭಾ ಅಂದ್ರೆ ಮೈದಾನದಲ್ಲಿ ರಾಜಕೀಯದವರದ್ದು. ಅವರು ಚರ್ಚಿಗೆ ಮಂಡಳಿ ಅಂತಾರೆ, ನಮಗೆ ಮಂಡಳಿ ಅಂದ ತಕ್ಷಣ ಕರೆಂಟ್ ಬಿಲ್ ನೆನಪಾಗುತ್ತೆ. ಬಂದ ಹೊಸದರಲ್ಲಿ ನಾನು ಪಕ್ಕದ ಮನೆ ಕಾಕಾಗೆ "ಸಭೆಗೆ ಬನ್ನಿ" ಅಂದೆ, ಯಾವ ಪಕ್ಷದ್ದು ಅಂತ ಕೇಳಿದ್ರು.

ಪಾಪ, ರಕ್ಷಣೆ, ಹೊಸ ಹುಟ್ಟು ಅಂತ ಹೇಳಿದ್ರೆ ಅವರಿಗೆ ಅರ್ಥ ಆಗ್ತಾನೇ ಇಲ್ಲ. ಏನ್ ಮಾಡ್ಲಿ?

ಅರ್ಥ ಆಗ್ತಿಲ್ಲ ಅನ್ನೋದು ತಪ್ಪು, ಬೇರೆ ಏನೋ ಅರ್ಥ ಆಗ್ತಿದೆ. ಇದನ್ನ ನಾನು ಕಲಿತದ್ದು ನಮ್ಮ ಬಿಲ್ಡಿಂಗ್‌ನ ಮೂರನೇ ಮಹಡಿಯ ಒಬ್ಬ ಅಜ್ಜಿ ಹತ್ರ, ವಾರಕರಿ ಅವರು, ಅಂದ್ರೆ ಪಂಢರಪುರಕ್ಕೆ ನಡ್ಕೊಂಡು ಹೋಗೋ ವಿಠ್ಠಲನ ಭಕ್ತರು, ಕೊರಳಲ್ಲಿ ತುಳಸಿ ಮಾಲೆ. ನಾನು ದೊಡ್ಡ ಉತ್ಸಾಹದಲ್ಲಿ ಯೋಹಾನ 3ನೇ ಅಧ್ಯಾಯ ಹೇಳಿದೆ, ಮನುಷ್ಯ ಹೊಸದಾಗಿ ಹುಟ್ಟಬೇಕು ಅಂತ ಯೇಸುಸ್ವಾಮಿ ಹೇಳಿದಾರೆ ಅಂತ. ಅಜ್ಜಿ ಕೈ ಮುಗಿದು, ಅಯ್ಯೋ ಬೇಡಪ್ಪಾ, ಮತ್ತೆ ಹುಟ್ಟೋದು ಬೇಡ ಅಂತಾನೇ ನಾನು 40 ವರ್ಷದಿಂದ ಪಾಂಡುರಂಗನ ಹತ್ರ ಬೇಡ್ಕೊಳ್ತಿರೋದು, ನಿಮ್ಮ ದೇವರು ಮತ್ತೆ ಹುಟ್ಟು ಅಂತಾನಾ ಅಂದ್ರು. ನನಗೆ ಮಾತೇ ಹೊರಡಲಿಲ್ಲ. ನಾನು ಶುಭವಾರ್ತೆ ಅಂತ ಕೊಟ್ಟದ್ದು ಅವರ ಕಿವಿಗೆ ಶಿಕ್ಷೆಯಾಗಿ ಬಿತ್ತು. ಆಮೇಲೆ ಎಷ್ಟೋ ತಿಂಗಳು ಬಿಟ್ಟು ಅದೇ ಮಾತನ್ನ ಬೇರೆ ಥರ ಹೇಳಿದೆ, ಇದೇ ಜನ್ಮದಲ್ಲಿ, ಇದೇ ಮೈಯಲ್ಲಿ ದೇವರು ಒಳಗಿನದ್ದನ್ನ ಹೊಸದು ಮಾಡ್ತಾನೆ ಅಂತ. ಆಗ ಅಜ್ಜಿ ಸುಮ್ನೆ ತಲೆ ಆಡಿಸಿದ್ರು, ಅಷ್ಟೇ, ಆದ್ರೆ ಕೈ ಮುಗಿದು ಬೇಡ ಅನ್ನಲಿಲ್ಲ.

"ನೀವು ಪಾಪಿಗಳು" ಅಂತ ಶುರು ಮಾಡೋದಂತೂ ದಯವಿಟ್ಟು ಬಿಡಿ. ಎದುರಿನವರಿಗೆ ಪಾಪ ಅಂದ್ರೆ ಕೊಲೆ, ಕಳ್ಳತನ, ಹಿಂದಿನ ಜನ್ಮದ ಕರ್ಮ. ಬೆಳಿಗ್ಗೆ ಐದಕ್ಕೆ ಎದ್ದು ನೀರು ಹಿಡಿದು ಮಕ್ಕಳನ್ನ ಶಾಲೆಗೆ ಕಳಿಸಿ ಎರಡು ಮನೆ ಕೆಲಸ ಮಾಡಿ ಬರೋ ಹೆಂಗಸಿಗೆ ನೀನು ಪಾಪಿ ಅಂದ್ರೆ ಅವಳು ಬೈದ ಅಂತಾನೇ ತಿಳ್ಕೊಳ್ತಾಳೆ. ಯೇಸು ಸಮಾರ್ಯದ ಹೆಂಗಸಿನ ಹತ್ರ ಏನಂತ ಶುರು ಮಾಡಿದ್ರು? ಕುಡಿಯೋಕೆ ನೀರು ಕೊಡಮ್ಮಾ ಅಂತ. ಕೇಳ್ಕೊಂಡವರು ಅವರು, ಕೊಡುವವಳು ಅವಳು.

"ದೇವರ ಕುರಿಮರಿ" ಅನ್ನೋ ಮಾತು ನಮ್ಮ ಉತ್ತರ ಕರ್ನಾಟಕದ ಜಾತ್ರೆ ನೋಡಿದವರಿಗೆ ಥಟ್ ಅಂತ ಹೊಳೆಯುತ್ತೆ, ಬಲಿ ಅಂದ್ರೆ ಏನು ಅಂತ ಅವರಿಗೆ ಯಾರೂ ಹೇಳ್ಕೊಡಬೇಕಿಲ್ಲ. ಪುಣೆಯ ಸದಾಶಿವ ಪೇಟೆಯ ಸಸ್ಯಾಹಾರಿ ಮನೆಯಲ್ಲಿ ಅದೇ ಮಾತು, ಅದರ ಜೊತೆ ರಕ್ತದಲ್ಲಿ ತೊಳೆದ ಬಟ್ಟೆ ಅಂತೆಲ್ಲ ಹೇಳಿದ್ರೆ ಹೊಟ್ಟೆ ತೊಳಸುತ್ತೆ. ಸತ್ಯ ಒಂದೇ, ಬಾಗಿಲು ಬೇರೆ ಬೇರೆ. ದಾರಿ ತಪ್ಪಿದ ಮಗನ ಕಥೆಯಿಂದ ಶುರು ಮಾಡಿ, ಲೂಕ 15. ಅಪ್ಪನ ಆಸ್ತಿ ಜಗಳ ಯಾವ ಮನೆಯಲ್ಲಿ ಇಲ್ಲ ಹೇಳಿ?

ಸೊಸೈಟಿಯಲ್ಲಿ ಗಣಪತಿ ಕೂರಿಸ್ತಾರೆ. ವರ್ಗಣಿ (ಚಂದಾ) ಕೊಡ್ಬೇಕಾ? ಪ್ರಸಾದ ತಿನ್ನಬಹುದಾ?

ನಮ್ಮಲ್ಲಿ ಅತಿ ಹೆಚ್ಚು ಜಗಳ ಆಗೋ ಪ್ರಶ್ನೆ ಇದು. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆ 8ರಿಂದ 10ನೇ ಅಧ್ಯಾಯದವರೆಗೆ ಪೌಲ ಇದನ್ನೇ ಎಳೆದಾಡಿದಾನೆ, ವಿಗ್ರಹ ಏನೂ ಅಲ್ಲ ಅಂತಾನೂ ಹೇಳ್ತಾನೆ, ಆದ್ರೆ ನಿನ್ನ ಊಟದಿಂದ ಇನ್ನೊಬ್ಬ ಎಡವಿದ್ರೆ ನೀನು ತಿನ್ನಬೇಡ ಅಂತಾನೂ ಹೇಳ್ತಾನೆ. ಹಾಗಾಗಿ ನಮ್ಮ ಸಭೆಯಲ್ಲೇ ತಿನ್ನೋವರೂ ಇದಾರೆ ತಿನ್ನದವರೂ ಇದಾರೆ, ನಾನು ಎರಡೂ ಕಡೆಯವರ ಮನೆಯಲ್ಲಿ ಊಟ ಮಾಡ್ತೀನಿ.

ನಾನು ಏನ್ ಮಾಡ್ತೀನಿ ಅಂದ್ರೆ, ಆರತಿ ತಟ್ಟೆ ಹಿಡಿಯಲ್ಲ, ಅದನ್ನ ಮೊದಲೇ ಸೆಕ್ರೆಟರಿಗೆ ನಗ್ತಾ ಹೇಳಿದೀನಿ. ಆದ್ರೆ ಕುರ್ಚಿ ಜೋಡಿಸ್ತೀನಿ, ಮಕ್ಕಳ ಚಿತ್ರಕಲೆ ಸ್ಪರ್ಧೆಗೆ ನಾನೇ ಬಹುಮಾನ ಕೊಡಿಸ್ತೀನಿ, ವಿಸರ್ಜನೆ ದಿನ ವಯಸ್ಸಾದವರನ್ನ ಕಾರಲ್ಲಿ ಕರ್ಕೊಂಡು ಹೋಗ್ತೀನಿ. ಮನೆಗೆ ಮೋದಕ ಕಳಿಸಿದ್ರೆ ಡಬ್ಬಿ ಖಾಲಿ ವಾಪಸ್ ಕೊಡಲ್ಲ, ಕ್ರಿಸ್ಮಸ್‌ಗೆ ಅದೇ ಡಬ್ಬಿಯಲ್ಲಿ ಕರ್ಚಿಕಾಯಿ ಹೋಗುತ್ತೆ. ಪ್ರಸಾದವನ್ನ ಎದುರಿಗೇ ಡಸ್ಟ್‌ಬಿನ್‌ಗೆ ಹಾಕಿದವರನ್ನ ಕಣ್ಣಾರೆ ನೋಡಿದೀನಿ. ತಿನ್ನೋಕೆ ಮನಸ್ಸಾಕ್ಷಿ ಒಪ್ಪದೇ ಇದ್ರೆ ಕೈ ಜೋಡಿಸಿ ಬೇಡ ಅನ್ನಿ, ಬೇಜಾರು ಮಾಡ್ಕೊಳ್ಳಲ್ಲ ಅವರು. ತಗೊಂಡು ಎಸೆದ್ರೆ ಎರಡು ತಲೆಮಾರು ಮರೆಯಲ್ಲ.

ಆಷಾಢದಲ್ಲಿ ಪಂಢರಪುರದ ಪಾದಯಾತ್ರೆ, ವಾರಿ, ಪುಣೆ ಮೂಲಕ ಹೋಗುತ್ತಲ್ಲ, ಲಕ್ಷಗಟ್ಟಲೆ ಜನ. ಅಲ್ಲಿ ಟ್ರ್ಯಾಕ್ಟ್ (ಸುವಾರ್ತೆ ಕರಪತ್ರ) ಹಂಚಬಹುದಾ?

ಬೇಡ.

ನೀರು ಕೊಡಿ, ಬಾಳೆಹಣ್ಣು ಕೊಡಿ, ಕಾಲು ಬೊಬ್ಬೆ ಬಂದವರಿಗೆ ಬ್ಯಾಂಡೇಜ್ ಹಾಕಿ. ಆಳಂದಿಯಿಂದ, ದೇಹುವಿನಿಂದ ಪಾಲಕಿ ಜೊತೆ ನಡ್ಕೊಂಡು ಬರೋ ಆ ರೈತರು ಒಂದು ಭಕ್ತಿಯ ನಡುವೆ ಇದಾರೆ, ಅದರ ನಡುವೆ ಕೈ ಹಾಕೋದು ಯಾರದೋ ಮದುವೆ ಹಂದರದಲ್ಲಿ ನಮ್ಮ ಮನೆ ಹುಡುಗನ ಫೋಟೋ ತೋರಿಸಿದ ಹಾಗೆ. ನಮ್ಮ ನರ್ಸಿಂಗ್ ಹುಡುಗೀರು ಒಂದು ವರ್ಷ ಬ್ಯಾಂಡೇಜ್ ಹಾಕೋಕೆ ನಿಂತಿದ್ರು, ಒಬ್ಬ ಮುದುಕಪ್ಪ ತಾನಾಗೇ ಕೇಳಿದ, ನೀವು ಯಾರ ಮಂಡಳದವರು ಅಂತ. ಕ್ರಿಸ್ತಾಂವ ಅಂದ್ರು. ಹೌದಾ, ಒಳ್ಳೇ ಕೆಲಸ, ನಿಮ್ಮ ದೇವರೂ ಕಾಲು ತೊಳೆದವನಂತೆ ಅಲ್ವಾ ಅಂದ! ಎಲ್ಲಿ ಕೇಳಿದ್ದನೋ ಗೊತ್ತಿಲ್ಲ.

ಕಾನೂನು ಏನು ಹೇಳುತ್ತೆ? ಪೊಲೀಸ್ ಕೇಸ್ ಆಗಲ್ವಾ?

ಸಂವಿಧಾನದ 25ನೇ ವಿಧಿಯಲ್ಲಿ ಧರ್ಮವನ್ನ ನಂಬೋದು, ಆಚರಿಸೋದು, ಪ್ರಚಾರ ಮಾಡೋದು ಮೂರೂ ಇದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ಆದ್ರೆ 1977ರಲ್ಲಿ ಸ್ಟ್ಯಾನಿಸ್ಲಾಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆದಿದೆ, ನಿಮ್ಮ ನಂಬಿಕೆಯನ್ನ ವಿವರಿಸಿ ಹೇಳೋ ಹಕ್ಕು ಇದೆ, ಇನ್ನೊಬ್ಬನನ್ನ ಮತಾಂತರ ಮಾಡೋದು ನಿಮ್ಮ ಹಕ್ಕಲ್ಲ ಅಂತ. ಕೆಲವರು ಇದನ್ನ ಕೇಳಿ ಬೇಜಾರು ಮಾಡ್ಕೊಳ್ತಾರೆ. ನನಗೇನೂ ಅನ್ಸಲ್ಲ, ಮನಸ್ಸು ಬದಲಾಯಿಸೋದು ಪವಿತ್ರಾತ್ಮನ ಕೆಲಸ ಅಂತ ನಾವೇ ಪ್ರತಿ ಭಾನುವಾರ ಹೇಳ್ತೀವಲ್ಲ.

ಆಮಿಷ, ಬಲವಂತ, ಮೋಸದ ಮತಾಂತರದ ವಿರುದ್ಧ ರಾಜ್ಯಗಳ ಕಾನೂನುಗಳು ಬೇರೆ ಬೇರೆ ಇವೆ, ಬದಲಾಗ್ತಾನೂ ಇರುತ್ತವೆ, ಕರ್ನಾಟಕದಲ್ಲಿ 2022ರಲ್ಲಿ ಒಂದು ಬಂತು, ಮುಂದಿನ ವರ್ಷವೇ ಹೊಸ ಸರ್ಕಾರದ ಸಂಪುಟ ಅದನ್ನ ವಾಪಸ್ ತಗೊಳ್ಳೋ ತೀರ್ಮಾನ ಮಾಡ್ತು. ಯಾರಾದ್ರೂ ದೀಕ್ಷಾಸ್ನಾನ ಬೇಕು ಅಂತ ಬಂದ್ರೆ ಮೊದಲು ವಕೀಲರ ಹತ್ರ ಕೂರಿಸಿ ಮಾತಾಡಿ, ನನ್ನ ಈ ಬರಹ ನಂಬ್ಕೊಂಡು ಹೊರಡಬೇಡಿ.

ಮಕ್ಕಳ ವಿಷಯದಲ್ಲಿ ಕಾನೂನು ಕೇಳೋ ಅಗತ್ಯವೇ ಇಲ್ಲ. ಅಪ್ಪ ಅಮ್ಮನಿಗೆ ಗೊತ್ತಿಲ್ಲದೆ ಬೇರೆಯವರ ಮಗುವಿಗೆ ಪ್ರಾರ್ಥನೆ ಕಲಿಸಬಾರದು, ಚಾಕ್ಲೇಟ್ ಕೊಟ್ಟು ಸಂಡೇ ಸ್ಕೂಲ್‌ಗೆ ಕರೀಬಾರದು. ನಿಮ್ಮ ಮಗಳನ್ನ ಹೀಗೇ ಯಾರಾದ್ರೂ ಕರ್ಕೊಂಡು ಹೋದ್ರೆ ನೀವು ಸುಮ್ನೆ ಇರ್ತೀರಾ?

ಬಡವರಿಗೆ ಸಹಾಯ ಮಾಡ್ಬೇಕು ಅಂತ ಯೇಸು ಹೇಳಿದಾರೆ. ಸಹಾಯ ಮಾಡಿದ್ರೆ ಆಮಿಷ ಅಂತಾರೆ. ಹಾಗಾದ್ರೆ?

ಸಹಾಯ ಮಾಡಿ, ಅದರ ಬಾಲಕ್ಕೆ ಆಮಂತ್ರಣ ಕಟ್ಟಬೇಡಿ. ರೇಷನ್ ಕಿಟ್ ಒಳಗೆ ಬೈಬಲ್ ವಾಕ್ಯದ ಚೀಟಿ ಇಡೋದು ಬೇಡ, ಫೀಸ್ ಕಟ್ಟಿದ ಮನೆಯವರನ್ನ ಆ ಭಾನುವಾರವೇ ಆರಾಧನೆಗೆ ಕರೆಯೋದು ಬೇಡ. ಬೇಡ ಅಂತ ಹೇಳೋಕಾಗದ ಸ್ಥಿತಿಯಲ್ಲಿ ಇರೋವರನ್ನ ಕರೆಯೋದು ಕರೆಯೋದೇ ಅಲ್ಲ.

ಮಿರಜ್ ಹೆಸರು ಬೆಳಗಾವಿ, ವಿಜಯಪುರ ಕಡೆಯ ಹಳೆಯವರಿಗೆಲ್ಲ ಗೊತ್ತು. ಡಾಕ್ಟರ್ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ಶುರು ಮಾಡಿದ್ರು, ನಮ್ಮ ಕಡೆ ಕೇಸು ಕೈ ಮೀರ್ತು ಅಂದ್ರೆ ಮಿರಜಿಗೆ ಹೋಗಿ ಅನ್ನೋ ಕಾಲ ಇತ್ತು, ನಮ್ಮ ಅಜ್ಜನ ತಮ್ಮನಿಗೂ ಆಪರೇಷನ್ ಅಲ್ಲೇ ಆಗಿತ್ತು. ಹೋದವರಲ್ಲಿ ಬಹುತೇಕರು ಹೋದ ಧರ್ಮದಲ್ಲೇ ವಾಪಸ್ ಬಂದ್ರು, ಕಣ್ಣು, ಕಾಲು, ಹೊಟ್ಟೆ ಸರಿ ಮಾಡಿಸ್ಕೊಂಡು. ಅದರಿಂದ ಆ ಸೇವೆ ಸೋತ ಹಾಗಾಯ್ತಾ? ನನಗಂತೂ ಹಾಗೆ ಅನ್ಸಲ್ಲ.

ಕಾಯಿಲೆ ಬಿದ್ದವರಿಗೆ ಪ್ರಾರ್ಥನೆ ಮಾಡಬಹುದಾ?

ಕೇಳಿ ಮಾಡಿ. ಗುಣ ಆಗೇ ಆಗುತ್ತೆ ಅಂತ ಮಾತು ಕೊಡಬೇಡಿ. ಮಾತ್ರೆ ಬಿಡಿ ಅಂತ ಯಾರಾದ್ರೂ ಹೇಳಿದ್ರೆ, ಟಿಬಿ ಮಾತ್ರೆ ಇರ್ಲಿ ಶುಗರ್ ಮಾತ್ರೆ ಇರ್ಲಿ, ಅಂಥವರನ್ನ ಆ ಮನೆಯಿಂದ ದೂರ ಇಡಿ, ಅವರು ನಮ್ಮ ಸಭೆಯವರೇ ಆದ್ರೂ. ಮತ್ತೆ ಮೊಬೈಲ್ ಜೇಬಿನಲ್ಲೇ ಇರ್ಲಿ. ಹಾಸಿಗೆ ಮೇಲೆ ಮಲಗಿದವರ ವಿಡಿಯೋ ಮಾಡಿ ಸಾಕ್ಷಿ ಅಂತ ವಾಟ್ಸಾಪ್‌ನಲ್ಲಿ ಬಿಡೋದು ನೋಡಿದ್ರೆ ನನಗೆ ಮೈ ಉರಿಯುತ್ತೆ.

ನಂಬಿದವರು ಹೆಸರು ಬದಲಾಯಿಸ್ಬೇಕಾ? ಕುಂಕುಮ, ಮಂಗಳಸೂತ್ರ, ಊಟ?

ಪಂಡಿತಾ ರಮಾಬಾಯಿ ಕಥೆ ಕೇಳಿದೀರಾ? 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ಅಪ್ಪ ಅನಂತಶಾಸ್ತ್ರಿ ಡೋಂಗ್ರೆ, ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ಹತ್ರ ಮಾತು ಕೇಳಿದವರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತಗೊಂಡ್ರು. ತಗೊಂಡ ಮೇಲೂ ಮಾಂಸ ತಿನ್ನಲಿಲ್ಲ, ಸೀರೆ ಬಿಡಲಿಲ್ಲ, ಅಲ್ಲಿನ ಸಿಸ್ಟರ್‌ಗಳು ಹೇಳಿದ್ದಕ್ಕೆಲ್ಲ ತಲೆ ಆಡಿಸಲೂ ಇಲ್ಲ. ಶಿಲುಬೆ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಅದೇನು ನಮ್ಮ ಸಂಸ್ಕೃತಕ್ಕಿಂತ ಹೆಚ್ಚಾ ಅಂತ ಕೇಳಿದ ಹೆಂಗಸು ಅವರು. ಪುಣೆಯಿಂದ ಸೊಲ್ಲಾಪುರ ಕಡೆ ರೈಲಿನಲ್ಲಿ ಹೋಗುವಾಗ ಕೇಡಗಾಂವ್ ಬರುತ್ತಲ್ಲ, ಅಲ್ಲೇ ಅವರ ಮುಕ್ತಿ ಮಿಶನ್ ಇವತ್ತಿಗೂ ಇದೆ.

ನಾರಾಯಣ ವಾಮನ ಟಿಳಕರದ್ದೂ ಹಾಗೇ. ಮರಾಠಿ ಕವಿ, ಚಿತ್ಪಾವನ ಬ್ರಾಹ್ಮಣರು, 1895ರಲ್ಲಿ ಮುಂಬೈಯಲ್ಲಿ ದೀಕ್ಷಾಸ್ನಾನ ಆಯ್ತು, ಹೆಸರು ಟಿಳಕ ಅಂತಾನೇ ಉಳೀತು. ತಾನು ಕ್ರಿಸ್ತನ ಹತ್ರ ಬಂದದ್ದು ತುಕಾರಾಮರ ಸೇತುವೆ ದಾಟಿ ಅನ್ನೋ ಅರ್ಥದಲ್ಲಿ ಅವರು ಹೇಳ್ತಿದ್ರು, ಅಭಂಗದ ದಾಟಿಯಲ್ಲೇ ಕ್ರಿಸ್ತನ ಹಾಡು ಬರೆದ್ರು, ಮರಾಠಿ ಚರ್ಚುಗಳಲ್ಲಿ ಇವತ್ತಿಗೂ ಹಾಡ್ತಾರೆ. ಆದ್ರೆ ಅವರ ಹೆಂಡತಿ ಲಕ್ಷ್ಮೀಬಾಯಿ ಆ ಹೊತ್ತಿಗೆ ಎಷ್ಟು ಅತ್ತರು, ವರ್ಷಗಟ್ಟಲೆ ಬೇರೆ ಇದ್ದು ಆಮೇಲೆ ತಮ್ಮದೇ ಸಮಯದಲ್ಲಿ ತಾವಾಗೇ ನಂಬಿದ್ದು ಹೇಗೆ ಅಂತ ಸ್ಮೃತಿಚಿತ್ರೆ ಅನ್ನೋ ಪುಸ್ತಕದಲ್ಲಿ ಅವರೇ ಬರೆದಿದಾರೆ. ಗಂಡ ನಂಬಿದ, ಹೆಂಡತಿ ಇನ್ನೂ ಇಲ್ಲ ಅಂತ ಒತ್ತಡ ಹಾಕೋ ನಮ್ಮ ಪಾಸ್ಟರ್‌ಗಳು ಆ ಪುಸ್ತಕ ಓದಬೇಕು.

ಕುಂಕುಮದ ಬಗ್ಗೆ ನನ್ನನ್ನ ಕೇಳಬೇಡಿ, ಹಚ್ಚಿಕೊಳ್ಳೋ ಹೆಂಗಸರನ್ನ ಕೇಳಿ. ಗಂಡಸರು ಕೂತು ಇದನ್ನ ತೀರ್ಮಾನ ಮಾಡಿದ್ದೇ ದೊಡ್ಡ ತಪ್ಪು.

ಒಂದು ವಿಷಯ ಮಾತ್ರ ಮುಚ್ಚಿಡಬೇಡಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಮೀಸಲಾತಿ ಹಿಂದೂಗಳಿಗೆ, ಆಮೇಲೆ ಸೇರಿಸಿದ ಸಿಖ್ಖರಿಗೆ ಮತ್ತು 1990ರಿಂದ ಬೌದ್ಧರಿಗೆ ಮಾತ್ರ, ಕ್ರೈಸ್ತರಾದ ದಲಿತರಿಗೆ ಸಿಗಲ್ಲ. ಇದು ಅನ್ಯಾಯ ಅಂತ ನನಗನ್ಸುತ್ತೆ, ಅದು ಬೇರೆ ಮಾತು. ಮಗನ ಇಂಜಿನಿಯರಿಂಗ್ ಸೀಟು ಆ ಕಾಗದದ ಮೇಲೆ ನಿಂತಿರೋ ಮನೆಗೆ ಹೋಗಿ ಈ ವಿಷಯ ಹೇಳದೇ ಬರೀ ಸ್ವರ್ಗದ ಬಗ್ಗೆ ಹೇಳೋದು ಅಪ್ರಾಮಾಣಿಕತೆ. ಯೇಸು ಖರ್ಚು ಲೆಕ್ಕ ಹಾಕಿ ಗೋಪುರ ಕಟ್ಟು ಅಂದಿದಾರೆ, ಆ ಖರ್ಚು ಎಷ್ಟು ಅಂತ ಅವರಿಗೆ ಹೇಳೋ ಜವಾಬ್ದಾರಿ ನಿಮ್ಮದೇ.

"ಗೋವಾದಲ್ಲಿ ನೀವು ಬಲವಂತ ಮಾಡಿದ್ರಲ್ಲ" ಅಂತ ಆಫೀಸಲ್ಲಿ ಹೇಳ್ತಾರೆ. ಏನು ಉತ್ತರ ಕೊಡ್ಲಿ?

ಹೌದು ಅನ್ನಿ. ಮೊದಲು ಹೌದು ಅನ್ನಿ, ಆಮೇಲೆ ಬೇಕಾದ್ರೆ ಬೇರೆ ಮಾತು. ಸಾಷ್ಟಿ, ಬಾರ್ದೇಸ್‌ನಲ್ಲಿ ಪೋರ್ಚುಗೀಸರು ದೇವಸ್ಥಾನ ಕೆಡವಿದ್ದು ನಿಜ, ಮಂಗೇಶ, ಶಾಂತಾದುರ್ಗೆ ನದಿ ದಾಟಿ ಫೋಂಡಾ ಕಡೆ ಹೋದದ್ದು ನಿಜ, 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್, ಅಂದ್ರೆ ಚರ್ಚಿನ ಧರ್ಮವಿಚಾರಣೆ ಕೋರ್ಟು, ನಡುವೆ ಕೆಲವು ವರ್ಷ ನಿಂತು ಮತ್ತೆ ಶುರುವಾಗಿ 1812ರವರೆಗೆ ಇದ್ದದ್ದು ನಿಜ, 1684ರಲ್ಲಿ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಿ ಅಂತ ಆಜ್ಞೆ ಹೊರಟದ್ದೂ ನಿಜ. "ನಾನು ಪ್ರಾಟೆಸ್ಟೆಂಟ್, ಅದು ಕ್ಯಾಥೊಲಿಕರು ಮಾಡಿದ್ದು" ಅಂತ ಜಾರ್ಕೊಳ್ಳೋ ಉತ್ತರ ನಾನೂ ಕೊಟ್ಟಿದೀನಿ, ಎದುರಿನವರು ಅದನ್ನ ನಂಬಲಿಲ್ಲ, ನನಗೂ ಹೇಳಿದ ಮೇಲೆ ನಾಚಿಕೆ ಆಯ್ತು.

ಆದ್ರೆ ಅದೇ ಗೋವಾದಿಂದ ಜೋಸೆಫ್ ವಾಜ್ ಕೂಡಾ ಬಂದ್ರು. ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದವರು, 1681ರಿಂದ ಕೆಲವು ವರ್ಷ ನಮ್ಮ ಕರಾವಳಿಯಲ್ಲಿ, ಮಂಗಳೂರು ಕುಂದಾಪುರ ಕಡೆ ಓಡಾಡಿದ್ರು, ಆಮೇಲೆ 1687ರಲ್ಲಿ ಸಿಲೋನ್‌ಗೆ ಹೋದ್ರು. ಅಲ್ಲಿನ ಕರಾವಳಿಯಲ್ಲಿ ಡಚ್ಚರ ಆಳ್ವಿಕೆ, ಕ್ಯಾಥೊಲಿಕ್ ಪಾದ್ರಿಗಳಿಗೆ ಪ್ರವೇಶ ಇಲ್ಲ, ಇವರು ಭಿಕ್ಷುಕನ ವೇಷದಲ್ಲಿ ಒಳಗೆ ಹೋದ್ರು. ಒಳನಾಡಿನ ಕ್ಯಾಂಡಿ ರಾಜ ಗೂಢಚಾರ ಅಂತ ಜೈಲಿಗೆ ಹಾಕಿದ, ಜೈಲಿನಲ್ಲಿ ಕೂತು ಸಿಂಹಳ ಕಲಿತ್ರು. ಸಿಡುಬು ಬಂದಾಗ ಜನ ತಮ್ಮವರನ್ನೇ ಬಿಟ್ಟು ಓಡಿದ್ರೆ ಇವರು ರೋಗಿಗಳ ಹತ್ರ ಕೂತ್ರು. ಹಿಂದೆ ಸೈನ್ಯ ಇಲ್ಲ, ಹಡಗಿಲ್ಲ, ಗವರ್ನರ್ ಇಲ್ಲ. ಪೋಪ್ ಫ್ರಾನ್ಸಿಸ್ 2015ರಲ್ಲಿ ಕೊಲಂಬೊಗೇ ಹೋಗಿ ಅವರನ್ನ ಸಂತರು ಅಂತ ಘೋಷಿಸಿದ್ರು. ಆಫೀಸಲ್ಲಿ ಇದನ್ನೆಲ್ಲ ವಾದಕ್ಕೆ ತೆಗೀಬೇಡಿ, ನಿಮಗೆ ಗೊತ್ತಿರ್ಲಿ ಅಂತ ಹೇಳಿದೆ.

ಗೋವಾದಲ್ಲಿ ಕೆಲಸ ಸಿಕ್ಕಿದೆ. ಅಲ್ಲಿನ ಕ್ಯಾಥೊಲಿಕರಿಗೂ ಸುವಾರ್ತೆ ಹೇಳ್ಬೇಕಾ?

ಅವರ ಮನೆಯಲ್ಲಿ ನಾಲ್ಕು ನೂರು ವರ್ಷದಿಂದ ಶಿಲುಬೆ ಇದೆ, ನೀವು ನಿನ್ನೆ ಬಂದವರು. ಮೊದಲು ಅವರ ಹತ್ರ ಕೇಳಿಸ್ಕೊಳ್ಳಿ. "ದೇವ ಬರೆಂ ಕರುಂ" ಅನ್ನೋದು ಕಲೀರಿ, ಥ್ಯಾಂಕ್ಸ್ ಹೇಳೋಕೆ ಅದಕ್ಕಿಂತ ಚಂದದ ಮಾತು ನನಗೆ ಯಾವ ಭಾಷೆಯಲ್ಲೂ ಸಿಕ್ಕಿಲ್ಲ, ದೇವರು ಒಳ್ಳೇದು ಮಾಡಲಿ ಅಂತ ಅದರ ಅರ್ಥ.

ಅಲ್ಲಿ ನಿಮ್ಮ ಕನ್ನಡ ಬೇಕಾಗಿರೋ ಜಾಗ ಬೇರೆ ಇದೆ. ವಾಸ್ಕೋದ ಬೈನಾ, ಝುವಾರಿನಗರ, ಮಡಗಾಂವ್‌ನ ಮೋತಿ ಡೊಂಗರ್, ವಿಜಯಪುರ ಬಾಗಲಕೋಟೆ ಗದಗ ಕೊಪ್ಪಳದಿಂದ ಕಟ್ಟಡ ಕೆಲಸಕ್ಕೆ ಬಂದವರು ಅಲ್ಲಿ ಎಷ್ಟೋ ಜನ. ಭಾಷೆ ಒಂದೇ ಅಂತ ಸಂಸ್ಕೃತಿ ಒಂದೇ ಅಂದ್ಕೋಬೇಡಿ, ಎಸಿ ಆಫೀಸಿನ ಕನ್ನಡಕ್ಕೂ ಗಾರೆ ಕೆಲಸದ ಕನ್ನಡಕ್ಕೂ ನಡುವೆ ಘಟ್ಟಕ್ಕಿಂತ ದೊಡ್ಡ ಘಟ್ಟ ಇದೆ. ನಾನು ಪುಣೆಯ ಒಂದು ಕನ್‌ಸ್ಟ್ರಕ್ಷನ್ ಸೈಟಿಗೆ ಹೋಗ್ತಿದ್ದೆ, ಯಾದಗಿರಿ ಕಡೆಯವರು, ಮೂರು ತಿಂಗಳು ನಾನು ಮಾಡಿದ್ದು ಆಧಾರ್ ಅಡ್ರೆಸ್ ಬದಲಾಯಿಸೋ ಫಾರ್ಮ್ ತುಂಬೋದು, ಊರಿಗೆ ದುಡ್ಡು ಕಳಿಸೋದು ಹೇಗೆ ಅಂತ ಫೋನಿನಲ್ಲಿ ತೋರಿಸೋದು. ಒಂದು ದಿನ ಮೇಸ್ತ್ರಿ ಕೇಳಿದ, ಸರ, ನೀವು ಇದಕ್ಕ ಎಷ್ಟ ತಗೋತೀರಿ? ಏನೂ ಇಲ್ಲಪ್ಪಾ ಅಂದೆ. ಹಂಗಾರ ಯಾಕ ಬರ್ತೀರಿ ಅಂದ. ಆ ಪ್ರಶ್ನೆಗೆ ಉತ್ತರ ಕೊಡೋಕೇ ನಾನು ಮೂರು ತಿಂಗಳು ಕಾದದ್ದು ಅನ್ನಿ.

ಅವರು ತಮ್ಮ ದೇವರ ಬಗ್ಗೆ ಹೇಳೋಕೆ ಶುರು ಮಾಡಿದ್ರೆ?

ಕೇಳಿ. ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿ. ನೀವು ಹೇಳಿದ್ದನ್ನ ಅವರು ಕೇಳ್ಬೇಕು, ಅವರು ಹೇಳಿದ್ದನ್ನ ನೀವು ಕೇಳಬಾರದು ಅಂದ್ರೆ ಅದು ಮಾತುಕತೆ ಅಲ್ಲ, ಎಲ್‌ಐಸಿ ಏಜೆಂಟ್ ಭೇಟಿ. ಮುಂಬೈಯ ಮಾಹಿಮ್ ಚರ್ಚಿನ ಬುಧವಾರದ ನೊವೇನಾ ಪ್ರಾರ್ಥನೆಗೆ, ಬಾಂದ್ರಾದ ಮೌಂಟ್ ಮೇರಿ ಜಾತ್ರೆಗೆ ಹೋಗಿ ಒಂದು ಸಲ ನೋಡಿ, ಮೇಣದ ಕೈ ಕಾಲು ಹಿಡ್ಕೊಂಡು ಹರಕೆ ತೀರಿಸೋಕೆ ಬಂದವರಲ್ಲಿ ಹಿಂದೂಗಳು ಎಷ್ಟು ಜನ ಅಂತ. ಯಾರು ಯಾರ ಮನೆ ಅಂಗಳದಲ್ಲಿ ಇದಾರೆ ಅನ್ನೋದು ನಾವು ಅಂದ್ಕೊಂಡಷ್ಟು ಸಲೀಸಾಗಿ ಹೇಳೋಕಾಗಲ್ಲ.

17 ವರ್ಷದಲ್ಲಿ ನಿಮ್ಮಿಂದ ಎಷ್ಟು ಜನ ಬಂದ್ರು?

ಈ ಪ್ರಶ್ನೆ ಊರಿಂದ ಬರೋ ಹಿರಿಯರು ತಪ್ಪದೇ ಕೇಳ್ತಾರೆ. ನಾನು ಲೆಕ್ಕ ಇಟ್ಟಿಲ್ಲ, ಇಟ್ಟಿದ್ರೂ ಹೇಳ್ತಿರಲಿಲ್ಲ. ಮೂರನೇ ಮಹಡಿ ಅಜ್ಜಿ ಕಳೆದ ವರ್ಷ ತೀರ್ಕೊಂಡ್ರು, ಕೊನೇತನಕ ಪಾಂಡುರಂಗನ ಭಕ್ತೆಯಾಗೇ. ಕೊನೇ ವಾರ ನನ್ನನ್ನ ಕರೆಸಿ, ಆ ಮಗ ವಾಪಸ್ ಬರೋ ಕಥೆ ಇನ್ನೊಂದು ಸಲ ಹೇಳು ಅಂದ್ರು, ನನ್ನ ಹರಕು ಮರಾಠಿಯಲ್ಲೇ ಹೇಳಿದೆ. ಅಪ್ಪ ಓಡಿ ಹೋದ ಅನ್ನೋ ಜಾಗದಲ್ಲಿ ನನ್ನ ಕ್ರಿಯಾಪದ ತಪ್ಪಾಯ್ತು, ಅಷ್ಟು ಸುಸ್ತಿನಲ್ಲೂ ತಿದ್ದಿದ್ರು.

ಮರಾಠಿ ಬೈಬಲ್ ಎಲ್ಲಿ ಸಿಗುತ್ತೆ, ಯಾವುದು ತಗೊಳ್ಲಿ?

ಬೈಬಲ್ ಸೊಸೈಟಿಯ ಪುಸ್ತಕದಂಗಡಿಯಲ್ಲಿ ಸಿಗುತ್ತೆ, ಫೋನಿನ ಆಪ್‌ನಲ್ಲೂ ಇದೆ. ರಮಾಬಾಯಿಯವರು ಹೀಬ್ರೂ, ಗ್ರೀಕ್ ಕಲಿತು ಸಾದಾ ಹೆಂಗಸರಿಗೆ ಅರ್ಥ ಆಗೋ ಮರಾಠಿಯಲ್ಲಿ ಇಡೀ ಬೈಬಲ್ ಅನುವಾದ ಮಾಡಿದಾರೆ, 1922ರಲ್ಲಿ ತೀರಿಕೊಳ್ಳೋವರೆಗೂ ಅದೇ ಕೆಲಸ. ಕೊಡೋಕೆ ಮುಂಚೆ ಬೇಕಾ ಅಂತ ಕೇಳಿ. ಮತ್ತೆ ಮೊದಲು ಒಂದು ಪ್ರತಿ ನಿಮಗೇ ತಗೊಳ್ಳಿ, ಮಾರ್ಕನ ಸುವಾರ್ತೆ ಜೋರಾಗಿ ಓದಿ, ಅರ್ಥ ಆಗದ ಪದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಹಾಕ್ಕೊಂಡು ಪಕ್ಕದ ಮನೆ ಬಾಗಿಲು ತಟ್ಟಿ, ಕಾಕೂ, ಇದರ ಅರ್ಥ ಏನು ಅಂತ ಕೇಳಿ.